ಸಾವಳಗಿಯಿಂದ ರಾಷ್ಟ್ರಪತಿ ಭವನದವರೆಗೆ: ಬಿ.ಡಿ. ಜತ್ತಿಯವರ ಬದುಕು ಮತ್ತು ರಾಜ್ಯಪಾಲ ಪದವಿಯ ಹೊಣೆ

ಕನ್ನಡ ನಾಡಿನಿಂದ ಹೋಗಿ ಭಾರತದ ರಾಷ್ಟ್ರಪತಿಯ ಹೊಣೆಯನ್ನು, ಹಂಗಾಮಿಯಾಗಿಯಾದರೂ, ಹೊತ್ತವರು ಒಬ್ಬರೇ. ಅವರು ಬಸಪ್ಪ ದಾನಪ್ಪ ಜತ್ತಿಯವರು. ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನಕ್ಕೆ ಬಂದ ಅವರು ಸಂಸ್ಥಾನದ ದಿವಾನರಾದರು, ಮುಖ್ಯಮಂತ್ರಿಯಾದರು, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆದರು, ಒಡಿಶಾದ ರಾಜ್ಯಪಾಲರಾದರು, ಉಪರಾಷ್ಟ್ರಪತಿಯಾದರು. ನಡುವೆ 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ಶರಣರ ವಿಚಾರಗಳನ್ನು ನಾಡಿನಾಚೆಗೆ ಒಯ್ಯುವ ಕಾರ್ಯಕ್ಕೆ ಅಡಿಪಾಯ ಹಾಕಿದರು.

ಇಂತಹವರನ್ನು ಸ್ಮರಿಸುವಾಗ ಪದವಿಗಳ ಪಟ್ಟಿಯನ್ನು ಓದಿ, ಅವರು ನಮ್ಮವರು ಎಂದು ಹೆಮ್ಮೆಪಟ್ಟು ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಆ ಪದವಿಗಳಲ್ಲಿ ಕುಳಿತು ಅವರು ಯಾವ ಪ್ರಶ್ನೆಗಳನ್ನು ಎದುರಿಸಿದರು, ಏನು ನಿರ್ಧರಿಸಿದರು, ಆ ನಿರ್ಧಾರಗಳನ್ನು ದೇಶ ಹೇಗೆ ನೋಡಿತು ಎಂಬುದನ್ನು ತಿಳಿಯದೆ ಈ ಸ್ಮರಣೆ ಪೂರ್ಣವಾಗದು. ರಾಜ್ಯಪಾಲರ ಅಧಿಕಾರದ ಬಗ್ಗೆ ಇಂದಿಗೂ ದೇಶದಲ್ಲಿ ಚರ್ಚೆ ನಡೆಯುತ್ತಲೇ ಇದೆ. ಆ ಚರ್ಚೆಯ ಎರಡು ಮುಖ್ಯ ಘಟನೆಗಳು ಜತ್ತಿಯವರ ಬದುಕಿನಲ್ಲೇ ನಡೆದವು. ಆದ್ದರಿಂದ ಅವರ ಜೀವನವನ್ನು ಬಲ್ಲವರಿಗೆ ನಮ್ಮ ಸಂವಿಧಾನದ ಒಂದು ಮುಖ್ಯ ಅಧ್ಯಾಯವೂ ತಿಳಿದಂತಾಗುತ್ತದೆ.

ಸಾವಳಗಿಯ ಬಾಲಕ

ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿ ಗ್ರಾಮದಲ್ಲಿ. ಇಂದು ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಜಮಖಂಡಿಯು ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಚಿಕ್ಕ ಸಂಸ್ಥಾನ. ಜನರ ಮಾತು ಕನ್ನಡ, ಶಾಲೆಯ ಪಾಠ ಮರಾಠಿ. ಅವರದು ಊರಿನಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದ ಲಿಂಗಾಯತ ಕುಟುಂಬ. ಸಂಸಾರ ಕಷ್ಟಕ್ಕೆ ಸಿಲುಕಿದಾಗ ಅಜ್ಜಿ ತಮ್ಮ ತಾಳಿಯನ್ನೇ ಒತ್ತೆಯಿಟ್ಟು ಮನೆಯನ್ನು ಸಾಗಿಸಿದ್ದರು. ವಿಜಾಪುರದ ಸಿದ್ಧೇಶ್ವರ ಹೈಸ್ಕೂಲಿನಲ್ಲಿ ಓದಿದ ಬಾಲಕ ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ ಅದೇ ನಗರದಲ್ಲಿ ಕಾನೂನು ಪದವಿಯನ್ನೂ ಪಡೆದು, ಜಮಖಂಡಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ಉತ್ತರದ ಜಿಲ್ಲೆಗಳಿಂದ ಬಂದು ಬಾಗಲಗುಂಟೆ, ದಾಸರಹಳ್ಳಿ, ಹೆಸರಘಟ್ಟ ರಸ್ತೆಯ ಬಡಾವಣೆಗಳಲ್ಲಿ ನೆಲೆಸಿರುವ ಸದ್ಭಕ್ತರಿಗೆ ಈ ಹಿನ್ನೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಕಡೆಯ ಒಣಬೇಸಾಯದ ಊರುಗಳಿಂದ ಓದಿಗಾಗಿ, ದುಡಿಮೆಗಾಗಿ ದೂರದ ಪಟ್ಟಣಕ್ಕೆ ಹೊರಡುವುದು ಅಲ್ಲಿಯ ಮನೆಮನೆಯ ಕಥೆ. ಜತ್ತಿಯವರು ಆ ದಾರಿಯಲ್ಲಿ ಮೊದಲೇ ನಡೆದವರು.

ಅವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಅನಂತರ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು, 1948ರಲ್ಲಿ ದಿವಾನರೂ ಆದರು. ದಿವಾನರಾಗಿ ಅವರು ಮಾಡಿದ ಮುಖ್ಯ ಕೆಲಸವೆಂದರೆ ಆ ಸಂಸ್ಥಾನವನ್ನು ಭಾರತದಲ್ಲಿ ವಿಲೀನಗೊಳಿಸಲು ನೆರವಾದದ್ದು, ಎಂದರೆ ತಮ್ಮ ಪದವಿಯನ್ನೇ ಇಲ್ಲವಾಗಿಸಿದ್ದು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ಸೇರಿದ ಮೇಲೆ ಅವರು ಮತ್ತೆ ವಕೀಲರಾಗಿ ನ್ಯಾಯಾಲಯಕ್ಕೆ ನಡೆದರು.

ಭೂಸುಧಾರಣೆಯ ಹೊಣೆ

ಕೆಲವೇ ಕಾಲದಲ್ಲಿ ಅವರನ್ನು ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾಗಿ, 1952ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಹೊಣೆ ಹೊತ್ತು ಅವರು ಆಡಳಿತದ ಒಳಹೊರಗನ್ನು ಅರಿತರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಜತ್ತಿಯವರೂ ಹೊಸ ಮೈಸೂರು ರಾಜ್ಯದ ವಿಧಾನಸಭೆಗೆ ಬಂದರು.

ಹೊಸ ರಾಜ್ಯದ ಮುಂದೆ ದೊಡ್ಡದೊಂದು ತೊಡಕಿತ್ತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಈ ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಗೇಣಿಯ ಕಾನೂನುಗಳು ಬೇರೆಬೇರೆಯಾಗಿದ್ದವು. ಅವುಗಳನ್ನು ಪರಿಶೀಲಿಸಿ ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ಸೂಚಿಸಲು ಸರ್ಕಾರವು 1957ರಲ್ಲಿ ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಈ ಸಮಿತಿಯ ವರದಿಯೇ 1961ರ ಭೂಸುಧಾರಣಾ ಕಾನೂನಿಗೆ ತಳಹದಿಯಾಯಿತು. ಊರಲ್ಲಿ ಇರದೆ ಗೇಣಿಯನ್ನು ಮಾತ್ರ ಪಡೆಯುವ ಒಡೆತನ ಕೊನೆಗೊಳ್ಳಬೇಕು, ಉಳುವವನಿಗೆ ಭದ್ರತೆ ದೊರೆಯಬೇಕು ಎಂಬುದು ಅದರ ಆಶಯವಾಗಿತ್ತು. ಮಸೂದೆಯನ್ನು ಸದನದಲ್ಲಿ ಮುನ್ನಡೆಸಿದವರು ಅಂದಿನ ಕಂದಾಯ ಸಚಿವ ಕಡಿದಾಳ್ ಮಂಜಪ್ಪನವರು.

ಭೂಮಿಯನ್ನು ಗೇಣಿಗೆ ಕೊಟ್ಟವರಲ್ಲಿ ನಮ್ಮ ಸಮುದಾಯದವರೂ ಅನೇಕರಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ತಮ್ಮನ್ನು ಬೆಂಬಲಿಸಿದವರ ಹಿತಕ್ಕೆ ತಟ್ಟುವ ಕಾನೂನಿನ ಮೊದಲ ರೂಪವನ್ನು ಸಿದ್ಧಪಡಿಸುವ ಹೊಣೆ ಜತ್ತಿಯವರ ಪಾಲಿಗೆ ಬಂದಿತ್ತು. ಆ ಕಾನೂನಿನಲ್ಲಿ ಭೂಮಾಲೀಕರಿಗೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನನ್ನು ಮರಳಿ ಪಡೆಯುವ ಅವಕಾಶವಿತ್ತು, ವಿನಾಯಿತಿಗಳು ಹೆಚ್ಚಾಗಿದ್ದವು ಎಂಬ ಟೀಕೆಯೂ ನ್ಯಾಯವಾದುದೇ. ಅದು ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೆ ನಿಜವಾದ ಹರಿತ ಬಂದದ್ದು ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯಿಂದ. ಹಾಗಿದ್ದರೂ ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದೇ ಚೌಕಟ್ಟನ್ನು ಮೊದಲು ಕಟ್ಟಿಕೊಟ್ಟದ್ದು ಈ ಕಾನೂನು. ಮುಂದಿನ ತಿದ್ದುಪಡಿ ನಡೆದದ್ದು ಅದೇ ಚೌಕಟ್ಟಿನೊಳಗೆ.

1958ರ ಮೇ ತಿಂಗಳಲ್ಲಿ ಎಸ್. ನಿಜಲಿಂಗಪ್ಪನವರು ಅಧಿಕಾರದಿಂದ ಇಳಿದಾಗ ಜತ್ತಿಯವರು ಮುಖ್ಯಮಂತ್ರಿಯಾಗಿ ಆಯ್ಕೆಯಾದರು. 1962ರ ಮಾರ್ಚ್‌ವರೆಗೆ ಆಡಳಿತ ನಡೆಸಿದರು. ಗ್ರಾಮ ಪಂಚಾಯತಿಗಳಿಗೂ ತಾಲ್ಲೂಕು ಮಂಡಳಿಗಳಿಗೂ ರಾಜ್ಯದಾದ್ಯಂತ ಏಕರೂಪದ ವ್ಯವಸ್ಥೆಯನ್ನು ತಂದ 1959ರ ಕಾನೂನು, ಹಿಂದುಳಿದ ವರ್ಗಗಳನ್ನು ಗುರುತಿಸಲು ಡಾ. ನಾಗನಗೌಡರ ಅಧ್ಯಕ್ಷತೆಯ ಸಮಿತಿ, ಇವೆರಡೂ ಅವರ ಕಾಲದವು. 1962ರ ಚುನಾವಣೆಯಲ್ಲಿ ಜಮಖಂಡಿಯಿಂದ ಮತ್ತೆ ಗೆದ್ದರೂ ಮುಖ್ಯಮಂತ್ರಿ ಪದವಿ ಮೊದಲು ಎಸ್.ಆರ್. ಕಂಠಿಯವರಿಗೆ, ಬಳಿಕ ನಿಜಲಿಂಗಪ್ಪನವರಿಗೆ ಒಲಿಯಿತು. ನಾಲ್ಕು ವರ್ಷ ರಾಜ್ಯವನ್ನು ನಡೆಸಿದ್ದ ಜತ್ತಿಯವರು ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಸಚಿವರಾಗಿ ದುಡಿಯಲು ಹಿಂಜರಿಯಲಿಲ್ಲ.

ರಾಜ್ಯಪಾಲ ಎಂದರೆ ಯಾರು?

ಜತ್ತಿಯವರ ಮುಂದಿನ ಬದುಕನ್ನು ಅರಿಯಲು ರಾಜ್ಯಪಾಲರ ಸ್ಥಾನವನ್ನು ಸ್ವಲ್ಪ ತಿಳಿಯಬೇಕು. ರಾಜ್ಯಪಾಲರನ್ನು ಜನರು ಆರಿಸುವುದಿಲ್ಲ. ಸಂವಿಧಾನದ 155ನೆಯ ವಿಧಿಯಂತೆ ರಾಷ್ಟ್ರಪತಿಗಳು, ಅಂದರೆ ವಸ್ತುತಃ ಕೇಂದ್ರ ಸರ್ಕಾರ, ಅವರನ್ನು ನೇಮಿಸುತ್ತದೆ. 156ನೆಯ ವಿಧಿಯಂತೆ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ಅವರು ಆ ಸ್ಥಾನದಲ್ಲಿರುತ್ತಾರೆ. 163ನೆಯ ವಿಧಿಯಂತೆ ಅವರು ರಾಜ್ಯದ ಮಂತ್ರಿಮಂಡಲದ ಸಲಹೆಯ ಮೇರೆಗೆ ನಡೆಯಬೇಕು. ನೇಮಿಸುವವರು ಕೇಂದ್ರದವರು, ಸಲಹೆ ಕೊಡುವವರು ರಾಜ್ಯದವರು. ಇಬ್ಬರ ನಡುವೆ ನಿಂತು ಸಂವಿಧಾನವನ್ನು ಕಾಯುವ ಸ್ಥಾನ ಅದು.

ಬಹುಪಾಲು ದಿನಗಳಲ್ಲಿ ಈ ಸ್ಥಾನ ಗೌರವದ್ದು, ಸಹಿ ಹಾಕುವಂಥದ್ದು. ಆದರೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಾಗ, ಯಾರಿಗೆ ಬಹುಮತವಿದೆ ಎಂಬುದು ಸ್ಪಷ್ಟವಿಲ್ಲದಾಗ, ರಾಜ್ಯಪಾಲರು ಸ್ವಂತ ವಿವೇಚನೆಯನ್ನು ಬಳಸಬೇಕಾಗುತ್ತದೆ. ಸರ್ಕಾರ ರಚಿಸಲು ಯಾರನ್ನು ಕರೆಯಬೇಕು? ಯಾರನ್ನೂ ಕರೆಯದೆ 356ನೆಯ ವಿಧಿಯಂತೆ ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಬೇಕೆ? ಇಡೀ ರಾಜ್ಯದ ಜನರ ಮತ ಒಬ್ಬರ ತೀರ್ಮಾನವನ್ನು ಕಾದು ನಿಲ್ಲುವ ಗಳಿಗೆ ಅದು.

1968ರಲ್ಲಿ ಜತ್ತಿಯವರು ರಾಜ್ಯ ರಾಜಕಾರಣವನ್ನು ಬಿಟ್ಟು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದಾಗ ಅಲ್ಲಿ ರಾಷ್ಟ್ರಪತಿ ಆಡಳಿತವಿತ್ತು. 1969ರ ಚುನಾವಣೆಯ ಬಳಿಕ ಎಂ.ಓ.ಎಚ್. ಫಾರೂಕ್ ಅವರ ನೇತೃತ್ವದಲ್ಲಿ ಚುನಾಯಿತ ಸರ್ಕಾರ ಬಂದಿತು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಈಗ ಇನ್ನೊಬ್ಬರ ಸರ್ಕಾರಕ್ಕೆ ಮುಖ್ಯಸ್ಥರಾಗಿ, ಅದರ ಸಲಹೆಯಂತೆ ನಡೆಯುವ ಸ್ಥಾನದಲ್ಲಿದ್ದರು. 1972ರವರೆಗೆ ಅಲ್ಲಿದ್ದು, ಅದೇ ವರ್ಷದ ನವೆಂಬರ್‌ನಲ್ಲಿ ಒಡಿಶಾದ ರಾಜ್ಯಪಾಲರಾಗಿ ಭುವನೇಶ್ವರಕ್ಕೆ ತೆರಳಿದರು.

ಭುವನೇಶ್ವರದ ತೀರ್ಮಾನ

ನಾಲ್ಕೇ ತಿಂಗಳಲ್ಲಿ ಪರೀಕ್ಷೆಯ ಗಳಿಗೆ ಬಂದಿತು. ಶಾಸಕರು ಪಕ್ಷ ತೊರೆದದ್ದರಿಂದ ಬಹುಮತಕ್ಕೆ ಕುತ್ತು ಬಂದು 1973ರ ಮಾರ್ಚ್ ಆರಂಭದಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಶತಪಥಿಯವರು ರಾಜೀನಾಮೆ ನೀಡಿದರು. ವಿರೋಧ ಪಕ್ಷಗಳ ನಾಯಕ ಬಿಜು ಪಟ್ನಾಯಕರು ತಮಗೆ ಬಹುಮತವಿದೆ, ಸರ್ಕಾರ ರಚಿಸಲು ಅವಕಾಶ ಕೊಡಬೇಕು ಎಂದು ಕೇಳಿದರು. ರಾಜ್ಯಪಾಲ ಜತ್ತಿಯವರು ಅವರನ್ನು ಆಹ್ವಾನಿಸಲಿಲ್ಲ. ಮಾರ್ಚ್ 3ರಂದು ವಿಧಾನಸಭೆ ವಿಸರ್ಜನೆಗೊಂಡು ರಾಷ್ಟ್ರಪತಿ ಆಡಳಿತ ಜಾರಿಗೆ ಬಂದಿತು. ವರ್ಷದ ಬಳಿಕ, 1974ರ ಚುನಾವಣೆಯಲ್ಲಿ ಶತಪಥಿಯವರೇ ಮತ್ತೆ ಅಧಿಕಾರಕ್ಕೆ ಬಂದರು.

ಪಕ್ಷಾಂತರಿಗಳ ಬಲದಿಂದ ಕಟ್ಟಿದ ಬಹುಮತ ಸ್ಥಿರವಾಗಿ ನಿಲ್ಲದು, ಹೊಸದಾಗಿ ಜನರ ಬಳಿಗೆ ಹೋಗುವುದೇ ಲೇಸು ಎಂಬುದು ಆ ನಿಲುವನ್ನು ಸಮರ್ಥಿಸುವವರ ವಾದ. ಆ ಕಾಲದಲ್ಲಿ ಪಕ್ಷಾಂತರ ದೇಶದಾದ್ಯಂತ ಹಬ್ಬಿದ ವ್ಯಾಧಿಯಾಗಿತ್ತು. ಅದನ್ನು ತಡೆಯುವ ಕಾನೂನು ಬಂದದ್ದು 1985ರಲ್ಲಿ. ಆದರೆ ಎದುರು ವಾದವೂ ಬಲವಾದುದೇ: ಬಹುಮತ ನಿಲ್ಲುವುದೋ ಬೀಳುವುದೋ ಎಂಬುದನ್ನು ಹೇಳಬೇಕಾದದ್ದು ಸದನ, ರಾಜಭವನವಲ್ಲ. ಪಟ್ನಾಯಕರು ಈ ಪ್ರಶ್ನೆಯನ್ನು ಒಡಿಶಾ ಹೈಕೋರ್ಟಿಗೆ ಒಯ್ದರು. ನ್ಯಾಯಾಲಯದಿಂದ ಅವರಿಗೆ ಪರಿಹಾರ ಸಿಗಲಿಲ್ಲ. ಪ್ರಶ್ನೆ ಮಾತ್ರ ಉಳಿಯಿತು.

ನಾವು ಗೌರವಿಸುವ ಹಿರಿಯರ ಈ ತೀರ್ಮಾನವನ್ನು ಮರೆಮಾಚುವುದರಿಂದ ಅವರ ಗೌರವ ಹೆಚ್ಚುವುದಿಲ್ಲ. ಇದನ್ನು ಸರಿಯೆಂದು ಬಗೆಯುವವರೂ ತಪ್ಪೆಂದು ಬಗೆಯುವವರೂ ಇದ್ದಾರೆ. ಇಬ್ಬರಿಗೂ ಒಪ್ಪಿಗೆಯಾಗುವ ಮಾತೊಂದಿದೆ: ಒಬ್ಬ ವ್ಯಕ್ತಿಯ ವಿವೇಚನೆಗೆ ಇಷ್ಟು ದೊಡ್ಡ ಅಧಿಕಾರವನ್ನು ಸ್ಪಷ್ಟ ಮಿತಿಗಳಿಲ್ಲದೆ ಬಿಟ್ಟದ್ದು ಅಂದಿನ ವ್ಯವಸ್ಥೆಯ ಕೊರತೆ.

1977: ಸಹಿಯ ಮುಂದೆ ಒಂದು ದಿನ

1974ರ ಆಗಸ್ಟ್‌ನಲ್ಲಿ ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜತ್ತಿಯವರು ನಿರಲ್ ಏನೆಮ್ ಹೋರೊ ಅವರ ವಿರುದ್ಧ 521 ಮತಗಳನ್ನು ಪಡೆದು ಗೆದ್ದರು. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ತುರ್ತುಪರಿಸ್ಥಿತಿಯ ಕಾಲದಲ್ಲಿಯೂ ಅವರು ಆ ಪೀಠದಲ್ಲಿದ್ದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ, 65ನೆಯ ವಿಧಿಯಂತೆ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಲೋಕಸಭಾ ಚುನಾವಣೆ ಆಗಲೇ ಘೋಷಣೆಯಾಗಿತ್ತು.

ಮಾರ್ಚ್‌ನಲ್ಲಿ ಇಂದಿರಾ ಗಾಂಧಿಯವರ ಪಕ್ಷ ಸೋತಿತು. ಮಾರ್ಚ್ 21ರಂದು, ಹೊರಹೋಗುತ್ತಿದ್ದ ಸಂಪುಟದ ಸಲಹೆಯಂತೆ, 1975ರ ಜೂನ್‌ನಿಂದ ಜಾರಿಯಲ್ಲಿದ್ದ ತುರ್ತುಪರಿಸ್ಥಿತಿಯನ್ನು ಜತ್ತಿಯವರು ಹಿಂತೆಗೆದುಕೊಂಡರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದರು. ಸ್ವತಂತ್ರ ಭಾರತದಲ್ಲಿ ಕೇಂದ್ರದ ಅಧಿಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋದದ್ದು ಅದೇ ಮೊದಲು. ಆ ಹಸ್ತಾಂತರವನ್ನು ಶಾಂತವಾಗಿ ನೆರವೇರಿಸಿದ ಸ್ಥಾನದಲ್ಲಿ ಸಾವಳಗಿಯ ಈ ಕನ್ನಡಿಗರಿದ್ದರು.

ತಿಂಗಳು ಕಳೆಯುವಷ್ಟರಲ್ಲಿ ಮತ್ತೊಂದು ಕಗ್ಗಂಟು ಎದುರಾಯಿತು. ಲೋಕಸಭೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದ ಜನರ ವಿಶ್ವಾಸ ಆ ಪಕ್ಷದ ರಾಜ್ಯ ಸರ್ಕಾರಗಳ ಮೇಲೂ ಉಳಿದಿಲ್ಲ ಎಂದು ಹೊಸ ಸರ್ಕಾರ ವಾದಿಸಿತು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶ, ಪಂಜಾಬ್, ಹರಿಯಾಣ, ಹಿಮಾಚಲ ಪ್ರದೇಶ, ಪಶ್ಚಿಮ ಬಂಗಾಳ, ಒಡಿಶಾ, ಹೀಗೆ ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಲಹೆ ಕೊಡುವಂತೆ ಗೃಹ ಸಚಿವ ಚರಣ್ ಸಿಂಗ್ ಅವರು ಆಯಾ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಆ ದಾವೆಗಳನ್ನು ತಳ್ಳಿಹಾಕಿತು. ಆ ಕೂಡಲೇ ಸಂಪುಟದ ಸಲಹೆ ಹಂಗಾಮಿ ರಾಷ್ಟ್ರಪತಿಗಳ ಮುಂದೆ ಬಂದಿತು.

ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ, ಆಲೋಚಿಸಲು ಸಮಯ ಬೇಕೆಂದರು. ದೆಹಲಿಯಲ್ಲಿ ಕೋಲಾಹಲವಾಯಿತು. ಅವರು ತಮ್ಮ ಹಳೆಯ ಪಕ್ಷದ ಹಿತ ಕಾಯುತ್ತಿದ್ದಾರೆ ಎಂಬ ಆರೋಪ ಕೇಳಿಬಂತು, ಪ್ರತಿಭಟನೆಗಳು ನಡೆದವು. ಮರುದಿನ, ಏಪ್ರಿಲ್ 30ರಂದು, ಅವರು ಸಹಿ ಹಾಕಿದರು.

ಆ ಒಂದು ದಿನದ ವಿಳಂಬವನ್ನು ಹೇಗೆ ಗ್ರಹಿಸಬೇಕು? ಕಾನೂನಿನ ದೃಷ್ಟಿಯಿಂದ ಅವರಿಗೆ ಬೇರೆ ದಾರಿಯಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಜಾರಿಗೆ ಬಂದಿದ್ದ 42ನೆಯ ತಿದ್ದುಪಡಿ, ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆ ನಡೆಯಲೇಬೇಕು ಎಂದು ಖಚಿತವಾಗಿ ವಿಧಿಸಿತ್ತು. ಸಲಹೆಯನ್ನು ಹಿಂತಿರುಗಿಸಿ ಮರುಪರಿಶೀಲಿಸಿ ಎನ್ನುವ ಅವಕಾಶವೂ ಅದರಲ್ಲಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಭುವನೇಶ್ವರದಲ್ಲಿ ಯಾವ ರಾಜ್ಯದ ವಿಧಾನಸಭೆಯ ವಿಸರ್ಜನೆಗೆ ಅವರ ನಿಲುವು ಕಾರಣವಾಗಿತ್ತೋ, ಅದೇ ರಾಜ್ಯದ ವಿಧಾನಸಭೆಯೂ ಈಗ ಪಟ್ಟಿಯಲ್ಲಿತ್ತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಬೇಡ. ಚುನಾಯಿತ ಸದನವೊಂದನ್ನು ಅವಧಿಗೆ ಮುನ್ನ ಕೊನೆಗೊಳಿಸುವ ಕಾಗದಕ್ಕೆ ಸಹಿ ಹಾಕುವ ಮುನ್ನ ನಿಂತು ಯೋಚಿಸಬೇಕು ಎಂಬುದಷ್ಟೇ ಆ ಘಟನೆಯಿಂದ ನಾವು ತೆಗೆದುಕೊಳ್ಳಬಹುದಾದ ಪಾಠ.

ಕಾನೂನು ಕಲಿತ ಪಾಠ

ಆ ಎರಡೂ ಪ್ರಶ್ನೆಗಳಿಗೆ ದೇಶ ಕಾಲಕ್ರಮದಲ್ಲಿ ಉತ್ತರ ಕಂಡುಕೊಂಡಿತು. 1978ರ 44ನೆಯ ತಿದ್ದುಪಡಿಯು, ಸಂಪುಟದ ಸಲಹೆಯನ್ನು ಒಂದು ಬಾರಿ ಮರುಪರಿಶೀಲನೆಗೆ ಹಿಂತಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗಳಿಗೆ ನೀಡಿತು. ಸಂಪುಟ ಅದನ್ನೇ ಮತ್ತೆ ಕಳುಹಿಸಿದರೆ ಒಪ್ಪಲೇಬೇಕು. 1977ರ ಏಪ್ರಿಲ್‌ನಲ್ಲಿ ಕಾನೂನಿನಲ್ಲಿ ಇರದಿದ್ದ ಆ ಬಿಡುವು ಹೀಗೆ ಸಂವಿಧಾನದಲ್ಲಿಯೇ ಸೇರಿತು.

ಬಹುಮತದ ಪ್ರಶ್ನೆಗೆ ಉತ್ತರ ದೊರೆತದ್ದು ಮತ್ತೊಬ್ಬ ಕನ್ನಡಿಗರ ಹೆಸರಿನಲ್ಲಿ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರು, ಸದನದಲ್ಲಿ ಬಹುಮತ ಸಾಬೀತುಪಡಿಸುತ್ತೇನೆ ಎಂದರೂ ರಾಜ್ಯಪಾಲರ ವರದಿಯ ಮೇಲೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲಿಯೇ ತೀರ್ಮಾನವಾಗಬೇಕು, ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ಅದು ಸ್ಪಷ್ಟಪಡಿಸಿತು. ಭುವನೇಶ್ವರದಲ್ಲಿ ಉಳಿದಿದ್ದ ಪ್ರಶ್ನೆಗೆ ಉತ್ತರ ದೊರಕಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಪದವಿಯಾಚೆಯ ಕಾಯಕ

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ಜತ್ತಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿದರು. 1979ರ ಆಗಸ್ಟ್‌ನಲ್ಲಿ ಅವಧಿ ಮುಗಿಯಿತು. 2002ರ ಜೂನ್ 7ರಂದು ಲಿಂಗೈಕ್ಯರಾಗುವವರೆಗಿನ ಎರಡು ದಶಕಗಳಿಗೂ ಮೀರಿದ ಅವಧಿಯಲ್ಲಿ ಅವರ ಹೆಸರಿನೊಂದಿಗೆ ಉಳಿದದ್ದು ಬಸವ ಸಮಿತಿಯ ಕಾರ್ಯ.

ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಕೈಯಲ್ಲಿರುವ ಅಧಿಕಾರವೂ ಧನವೂ ತನ್ನದಲ್ಲ, ಸಮಾಜದ್ದು ಎಂಬ ಎಚ್ಚರ ಕಾಯಕ ಮತ್ತು ದಾಸೋಹ ತತ್ತ್ವಗಳ ತಿರುಳು. ಜತ್ತಿಯವರು ಈ ವಿಚಾರವನ್ನು ಕನ್ನಡಿಗರಲ್ಲದವರೂ ಅರಿಯಬೇಕೆಂದು ಬಯಸಿದರು. 12ನೆಯ ಶತಮಾನದ ಶರಣರು ಜಾತಿ, ಲಿಂಗ, ವೃತ್ತಿಗಳ ಭೇದವಿಲ್ಲದೆ ಕೂಡಿ ಚಿಂತಿಸಿದ ಪರಂಪರೆ ಕನ್ನಡದಲ್ಲಿ ಮಾತ್ರ ಉಳಿದರೆ ಜಗತ್ತಿಗೆ ತಿಳಿಯುವುದು ಹೇಗೆ? ಈ ಕಾಳಜಿಯಿಂದ ಸಮಿತಿಯು ಶರಣ ಸಾಹಿತ್ಯದ ಪ್ರಕಟಣೆ ಮತ್ತು ಅನುವಾದವನ್ನು ಕೈಗೊಂಡಿತು. ಬೆಂಗಳೂರಿನ ಬಸವ ಭವನ ಅದರ ಕೇಂದ್ರವಾಯಿತು.

ಅವರ ನಿಧನದ ನಂತರವೂ ಆ ಕೆಲಸ ನಿಲ್ಲಲಿಲ್ಲ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಆಯ್ದ ವಚನಗಳ ಬಹುಭಾಷಾ ಅನುವಾದ ಯೋಜನೆ ರೂಪುಗೊಂಡಿತು. 2017ರ ಏಪ್ರಿಲ್ 29ರಂದು, ಬಸವ ಜಯಂತಿಯ ದಿನ, ದೆಹಲಿಯ ವಿಜ್ಞಾನ ಭವನದಲ್ಲಿ 23 ಭಾಷೆಗಳ ವಚನ ಸಂಪುಟಗಳು ಪ್ರಧಾನಮಂತ್ರಿಗಳಿಂದ ಲೋಕಾರ್ಪಣೆಗೊಂಡವು. ಪದವಿಯ ಬಲದಿಂದ ಮಾಡಿದ ಕೆಲಸಗಳನ್ನು ಮುಂದಿನ ಸರ್ಕಾರಗಳು ತಿದ್ದಿದವು, ನ್ಯಾಯಾಲಯಗಳು ಪ್ರಶ್ನಿಸಿದವು. ಅನೇಕರು ಕೂಡಿ ಮುನ್ನಡೆಸಿದ ಈ ಕಾರ್ಯ ಮಾತ್ರ ಬೆಳೆಯುತ್ತಲೇ ಹೋಯಿತು.

ನಾವು ಏನನ್ನು ನೆನೆಯಬೇಕು?

ನಮ್ಮ ಬಡಾವಣೆಗಳಲ್ಲಿಯೂ ಯುವಕರು ಸಹಕಾರ ಸಂಘಗಳಲ್ಲಿ, ಕಾರ್ಮಿಕ ಸಂಘಟನೆಗಳಲ್ಲಿ, ನಿವಾಸಿಗಳ ಸಂಘಗಳಲ್ಲಿ ಹೊಣೆ ಹೊರುತ್ತಿದ್ದಾರೆ. ಅಲ್ಲಿಯೂ ಸಹಿಯ ಅಧಿಕಾರವಿರುತ್ತದೆ, ತಮ್ಮವರ ಒತ್ತಾಯವಿರುತ್ತದೆ, ನಿಯಮದ ಪುಸ್ತಕವಿರುತ್ತದೆ. ಜತ್ತಿಯವರು ಪುರಸಭೆಯಿಂದಲೇ ಆರಂಭಿಸಿದವರು ಎಂಬುದನ್ನು ಅವರು ಮರೆಯಬಾರದು.

ಹಿರಿಯರ ಬದುಕನ್ನು ಗೌರವದಿಂದಲೂ ವಿವೇಕದಿಂದಲೂ ಓದಬೇಕು. ಜಮಖಂಡಿಯ ವಿಲೀನದಲ್ಲಿ ತಮ್ಮ ಪದವಿಯನ್ನು ಬಿಟ್ಟ ಜತ್ತಿಯವರನ್ನು, ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಆದೇಶಕ್ಕೆ ಸಹಿ ಹಾಕಿದ ಜತ್ತಿಯವರನ್ನು ನೆನೆಯೋಣ. ಭುವನೇಶ್ವರದ ತೀರ್ಮಾನದ ಬಗ್ಗೆ ಪ್ರಶ್ನೆ ಕೇಳಲೂ ಹಿಂಜರಿಯದಿರೋಣ. ಪ್ರಶ್ನಿಸಿ ಅರಿಯುವ ಅಭ್ಯಾಸವನ್ನು ನಮಗೆ ಕಲಿಸಿದ್ದೇ ಅನುಭವ ಮಂಟಪದ ಪರಂಪರೆ. ಅದನ್ನು ಲೋಕಕ್ಕೆ ತಿಳಿಸಲು ಸಂಸ್ಥೆಯನ್ನೇ ಕಟ್ಟಿದ ಹಿರಿಯರನ್ನು ಅದೇ ರೀತಿಯಲ್ಲಿ ಸ್ಮರಿಸುವುದು ಉಚಿತವಾದುದು.